ಮನೆಮಂದಿಯ ಜೊತೆ ಕಮಾರ್ಗ್‌ನಲ್ಲಿ ಹಕ್ಕಿ ನೋಡಲು ಯಾವ ಬೈನಾಕ್ಯುಲರ್? ನನ್ನ ಓಟು 8×32ಕ್ಕೆ

ಮೊದಲೇ ಹೇಳಿಬಿಡುತ್ತೇನೆ, 8×32 ಗೆದ್ದಿದೆ. (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.) ಒಬ್ಬರೇ ಟ್ರೈಪಾಡ್ ಹೊತ್ತು ಬೆಳಗಿನ ಜಾವ ಹೊರಡುವವರಿಗೆ ಈ ಬರಹದಿಂದ ದೊಡ್ಡ ಉಪಯೋಗವೇನೂ ಇಲ್ಲ. ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಹೋಗಿ, ಊಟ-ತಿಂಡಿಯ ಮಧ್ಯೆ ಸಿಕ್ಕಷ್ಟು ಹಕ್ಕಿ ನೋಡುವ ನನ್ನಂಥವರಿಗಾಗಿ ಬರೆಯುತ್ತಿದ್ದೇನೆ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಕ್ಟೋಬರ್ ಕೊನೆಗೆ ಇಲ್ಲಿ ಶಾಲೆಗಳಿಗೆ ರಜೆ. ಮೈಸೂರಿನಿಂದ ಅತ್ತೆ-ಮಾವ ಬಂದಿದ್ದರು. ಎಲ್ಲರೂ ದೊಡ್ಡ ಕಾರೊಂದನ್ನು ಬಾಡಿಗೆಗೆ ತಗೊಂಡು ದಕ್ಷಿಣ ಫ್ರಾನ್ಸಿನ ಆರ್ಲ್‌ಗೆ ಹೋದೆವು. ಆರ್ಲ್ ಹತ್ತಿರ ರೋನ್ ನದಿ ಎರಡಾಗಿ ಕವಲೊಡೆದು ಸಮುದ್ರದ ಕಡೆ ಹೊರಡುತ್ತದೆ. ಆ ಎರಡು ಕವಲುಗಳ ನಡುವೆ ಜೌಗು, ಉಪ್ಪುನೀರಿನ ಕೆರೆ, ಭತ್ತದ ಗದ್ದೆ, ಬಿಳಿ ಕುದುರೆ, ಕರಿ ಹೋರಿ. ಅದೇ ಕಮಾರ್ಗ್. ಭತ್ತದ ಕೊಯ್ಲು ಆಗಷ್ಟೇ ಮುಗಿದಿತ್ತು. ಕೂಳೆ ನಿಂತ ಗದ್ದೆಗಳನ್ನು ನೋಡಿ ಅತ್ತೆ, "ಇದೇನು, ಮಂಡ್ಯಕ್ಕೆ ಕರ್ಕೊಂಡು ಬಂದ್ಯಾ?" ಅಂದರು.

ಹೋಲಿಕೆಗೆ ಇದ್ದದ್ದು ನಾಲ್ಕು. ನನ್ನ ಹಳೆಯ 10×42, ಆಗಿನ ಕಾಲಕ್ಕೆ 240 ಯೂರೋ ಕೊಟ್ಟದ್ದು. ಈ ರಜೆಗೆ ಅಂತಲೇ ಕೊಂಡ 8×32, 180 ಯೂರೋ. ನಮ್ಮವರ ಜೇಬಿಗೆ ಹಿಡಿಸುವ, ಮಡಚುವ 8×25. ಕೊನೆಗೆ ಅವರದೇ ಸೂಪರ್‌ಝೂಮ್ ಕ್ಯಾಮೆರಾ. ಕಂಪನಿಗಳ ಹೆಸರು ಬರೆಯುವುದಿಲ್ಲ. ಈ ದರದಲ್ಲಿ ನಾಲ್ಕೈದು ಕಂಪನಿಗಳು ಹೆಚ್ಚುಕಮ್ಮಿ ಒಂದೇ ಥರದ್ದು ಮಾರುತ್ತವೆ. ಗಾಜಿನ ಕೋಟಿಂಗು, ವಾಟರ್‌ಪ್ರೂಫು ಎಲ್ಲಾ ಡಬ್ಬದ ಮೇಲೇ ಇರುತ್ತದೆ, ಓದಿಕೊಳ್ಳಿ.

ಮೊದಲು ಹೋದದ್ದು ಪೋಂ ದ ಗೋ ಪಕ್ಷಿಧಾಮಕ್ಕೆ. ಸ್ಯಾಂತ್ ಮಾರಿ ದ ಲ ಮೇರ್ ಅನ್ನುವ ಕಡಲತಡಿಯ ಊರಿಗೆ ಹೋಗುವ ಮುಖ್ಯರಸ್ತೆಯ ಪಕ್ಕದಲ್ಲೇ ಇದೆ, ಊರಿಗೆ ನಾಲ್ಕೈದು ಕಿಲೋಮೀಟರ್ ಮುಂಚೆ. ಟಿಕೆಟ್ ಇದೆ. ಒಳಗೆ 60 ಹೆಕ್ಟೇರ್ ಜೌಗು, ಸುಮಾರು 7 ಕಿಲೋಮೀಟರ್ ಕಾಲುದಾರಿ. ಫ್ಲೆಮಿಂಗೊಗಳು ದಾರಿಯಿಂದ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ತಲೆ ನೀರಿಗೆ ಅದ್ದಿಕೊಂಡು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ಸಾಕಿದವಲ್ಲ, ಕಾಡುಹಕ್ಕಿಗಳೇ. ಜನಕ್ಕೆ ಒಗ್ಗಿಕೊಂಡಿವೆ ಅಷ್ಟೇ. ಗುಜರಾತಿನ ಕಛ್‌ನಲ್ಲಿ ಗೂಡು ಕಟ್ಟುವ ದೊಡ್ಡ ಫ್ಲೆಮಿಂಗೊ ಜಾತಿಯೇ ಇದು. ಈ ಕಾಲದಲ್ಲಿ ಆ ವರ್ಷದ ಮರಿಗಳೂ ಗುಂಪಿನಲ್ಲಿರುತ್ತವೆ. ಅವಕ್ಕೆ ಇನ್ನೂ ಗುಲಾಬಿ ಬಣ್ಣ ಬಂದಿರುವುದಿಲ್ಲ, ಮಾಸಲು ಬೂದು. "ಇದು ಸ್ನಾನ ಮಾಡಿಲ್ವಾ ಅಮ್ಮಾ?" ಅಂದಳು ಮಗಳು.

ಇಲ್ಲಿ ಯಾವ ಬೈನಾಕ್ಯುಲರ್ ಆದರೂ ನಡೆಯುತ್ತದೆ. ಏನೂ ಇಲ್ಲದಿದ್ದರೂ ನಡೆಯುತ್ತದೆ. ಅತ್ತೆ ಬರಿಗಣ್ಣಲ್ಲೇ ಎಲ್ಲಾ ನೋಡಿ ಬೆಂಚಿನ ಮೇಲೆ ಕೂತು ಚಕ್ಕುಲಿ ಡಬ್ಬ ತೆಗೆದರು. ಬೈನಾಕ್ಯುಲರ್‌ಗಳ ನಿಜವಾದ ಬಣ್ಣ ಬಯಲಾದದ್ದು ಆಮೇಲೆ, ಲ ಕಪೆಲಿಯೇರ್‌ನಲ್ಲಿ.

ಲ ಕಪೆಲಿಯೇರ್ ಇರುವುದು ವಾಕ್ಕರೇಸ್ ಅನ್ನುವ ದೊಡ್ಡ ಸರೋವರದ ಪೂರ್ವ ದಂಡೆಯಲ್ಲಿ. 1927ರಲ್ಲಿ ಆದ ಕಮಾರ್ಗ್ ಅಭಯಾರಣ್ಯದ ಮಾಹಿತಿ ಕೇಂದ್ರ ಅದು. ಗಿಡಮರಗಳ ಮಧ್ಯೆ ಒಂದು ಚಿಕ್ಕ ದಾರಿ, ದಾರಿಯುದ್ದಕ್ಕೂ ಮರದ ಅವಿತುಕೂರುವ ಗುಡಿಸಲುಗಳು. ಗೋಡೆಯಲ್ಲಿ ಅಡ್ಡಕ್ಕೆ ಸಣ್ಣ ಕಿಂಡಿ. ನಾವು ಕೂತಿದ್ದ ಕಡೆ ಎದುರಿಗೆ ಜೊಂಡು, ಅದರಾಚೆ ನೀರು. ಜೊಂಡಿನ ಮೇಲೆ ಒಂದು ಜೌಗು ಸೆಳೆವ ಬಂತು. ಚಳಿಗಾಲಕ್ಕೆ ನಮ್ಮ ಕಡೆಯ ಕೆರೆಗಳಿಗೂ ಬರುತ್ತದಲ್ಲ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ಜೊಂಡಿಗೆ ತಾಗಿದ ಹಾಗೆ ತೇಲುವ ಹದ್ದಿನಂಥದ್ದು, ಅದು. ನಾನು 10×42ರಲ್ಲಿ ಚೆನ್ನಾಗಿ ನೋಡಿದೆ. ಕೆನೆಬಣ್ಣದ ತಲೆ ಕಾಣಿಸಿತು, ಅಂದರೆ ಹೆಣ್ಣೋ ಮರಿಯೋ ಇರಬೇಕು. ಖುಷಿಯಾಗಿ ಮಾವನ ಕೈಗೆ ಕೊಟ್ಟೆ.

"ಕಾಣಿಸ್ತಾ ಮಾವ?"

"ಎಲ್ಲಾ ಮಸಕು ಕಣಮ್ಮಾ."

ಇಲ್ಲಿಂದ ಶುರುವಾಯಿತು ನೋಡಿ ನನ್ನ ತಲೆನೋವು. ಬೈನಾಕ್ಯುಲರ್‌ನ ಬಲಗಣ್ಣಿನ ಕಡೆ ಒಂದು ಸಣ್ಣ ಬಳೆಯಂಥದ್ದು ಇರುತ್ತದೆ, ಡಯಾಪ್ಟರ್ ರಿಂಗ್ ಅಂತ. ಎರಡು ಕಣ್ಣಿನ ಪವರ್ ಬೇರೆ ಬೇರೆ ಇದ್ದರೆ ಸರಿದೂಗಿಸುವುದಕ್ಕೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಫೋಕಸ್ ಮಾಡಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಈ ಬಳೆ ತಿರುಗಿಸಿ ಬಲಗಣ್ಣಿಗೆ ಸರಿಮಾಡಬೇಕು. ಒಬ್ಬರೇ ಬಳಸುವುದಾದರೆ ಒಂದು ಸಲ ಮಾಡಿಟ್ಟರೆ ಮುಗಿಯಿತು. ನಾನು ಒಬ್ಬಳೇ ಬಳಸುತ್ತಿದ್ದಾಗ ಅಂಥದ್ದೊಂದು ಬಳೆ ಇದೆ ಅನ್ನುವುದೇ ಮರೆತುಹೋಗಿತ್ತು.

ಮಾವನಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಗೆ ಇನ್ನೂ ಆಗಿಲ್ಲ. ಕನ್ನಡಕ ಹಣೆಗೆ ಏರಿಸಿಕೊಂಡು ನೋಡುವುದು ಅವರ ಅಭ್ಯಾಸ. ಹಾಗೆ ನೋಡಿದರೆ ಎರಡು ಕಣ್ಣಿಗೂ ಅಜಗಜಾಂತರ. ಹಾಗಾಗಿ ಅವರು ಕೈಗೆ ಸಿಕ್ಕಿದ್ದನ್ನೆಲ್ಲಾ ತಿರುಗಿಸಿದರು. ಮೊದಲು ಚಕ್ರ, ಆಮೇಲೆ ಬಳೆ. ಅವರಿಗೆ ಕಾಣಿಸುವಷ್ಟರಲ್ಲಿ ಸೆಳೆವ ಆಚೆ ದಂಡೆಗೆ ಹೋಗಿತ್ತು. ಮುಂದೆ ಮಗನ ಸರದಿ. ಅವನಿಗೆ ಕನ್ನಡಕ ಇಲ್ಲ, ಐಕಪ್ (ಕಣ್ಣಿಗೆ ಒರಗಿಸಿಕೊಳ್ಳುವ ಬಟ್ಟಲು) ಮೇಲಕ್ಕೆ ತಿರುಗಿಸಬೇಕು. ನನ್ನ 10×42ರಲ್ಲಿ ಐಕಪ್ ಬಿಗಿ, ಬಳೆ ಸಡಿಲ. ಐಕಪ್ ತಿರುಗಿಸಿದರೆ ಅದರ ಬುಡದಲ್ಲಿರುವ ಬಳೆಯೂ ಜೊತೆಗೇ ಜರುಗುತ್ತದೆ. ಮಗನಿಗೂ ಮಸಕು. ನನ್ನ ಕೈಗೆ ವಾಪಸ್ ಬಂದಾಗ ನನಗೂ ಮಸಕು. ಇದರ ಕಿರಿಕಿರಿ ಏನು ಗೊತ್ತಾ? ಪೂರ್ತಿ ಮಸಕಾದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಒಂದೇ ಕಣ್ಣು ಅರೆಬರೆ ಮಸಕಾದರೆ ಮೆದುಳು ಹೇಗೋ ಹೊಂದಿಸಿಕೊಂಡು ನೋಡುತ್ತಿರುತ್ತದೆ. ಹತ್ತು ನಿಮಿಷ ಆದಮೇಲೆ ಸುಮ್ನೆ ತಲೆ ಸಿಡಿಯುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಸಂಜೆ ಬಾಡಿಗೆ ಮನೆಯಲ್ಲಿ ಒಂದು ಉಪಾಯ ಮಾಡಿದೆ. ಮಗಳ ನೈಲ್ ಪಾಲಿಶ್ ತಗೊಂಡು ಬಳೆಯ ಮೇಲೆ ಚುಕ್ಕೆ ಇಟ್ಟೆ. ಗುಲಾಬಿ ಚುಕ್ಕೆ ನನ್ನದು, ನೀಲಿ ಮಾವನದು, ಮಿನುಗುವ ಬೆಳ್ಳಿ ಬಣ್ಣದ್ದು ನಮ್ಮವರದು. ಚೆನ್ನಾಗಿಯೇ ಇತ್ತು. ಆದರೆ ಗುಡಿಸಲಿನ ಕತ್ತಲಲ್ಲಿ ನೀಲಿ ಯಾವುದು, ಬೆಳ್ಳಿ ಯಾವುದು ಗೊತ್ತಾಗಲಿಲ್ಲ. ಚುಕ್ಕೆ ಸರಿಹೊಂದಿಸಿ ಕೊಟ್ಟರೂ ಐಕಪ್ ತಿರುಗಿಸಿದ ಕೂಡಲೇ ಮತ್ತೆ ಜರುಗುವುದು ತಪ್ಪಲಿಲ್ಲ. ಮಾರನೆಯ ದಿನ ನಮ್ಮವರು ಕಪ್ಪು ಇನ್ಸುಲೇಶನ್ ಟೇಪ್ ತಂದು ಬಳೆಯನ್ನು ಬಿಗಿಯಾಗಿ ಸುತ್ತಿಬಿಟ್ಟರು. ಅಲ್ಲಿಗೆ ಅದು ನನ್ನೊಬ್ಬಳ ಬೈನಾಕ್ಯುಲರ್ ಆಯಿತು. ಟೇಪಿನ ಅಂಟು ಇವತ್ತಿಗೂ ಬೆರಳಿಗೆ ಹತ್ತುತ್ತದೆ.

8×32ರಲ್ಲಿ ಈ ಗೋಳೇ ಇಲ್ಲ. ಬಳೆಗೆ ಬೀಗ ಇದೆ. ಮೇಲಕ್ಕೆ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ, ತಿರುಗಿಸಿ ಒತ್ತಿದರೆ ಕೂತುಕೊಳ್ಳುತ್ತದೆ. ಅದನ್ನು ಸೊನ್ನೆಗೆ ಇಟ್ಟು ಬೀಗ ಹಾಕಿದೆ. ಕನ್ನಡಕ ಇರುವವರೆಲ್ಲಾ ಕನ್ನಡಕ ಹಾಕಿಕೊಂಡೇ ನೋಡಬೇಕು ಅಂತ ಕಾನೂನು ಮಾಡಿದೆ. ಎರಡು ಕಣ್ಣಿನ ವ್ಯತ್ಯಾಸವನ್ನು ಕನ್ನಡಕವೇ ಸರಿಮಾಡಿರುತ್ತದೆ, ಬೈನಾಕ್ಯುಲರ್ ಮತ್ತೆ ಮಾಡಬೇಕಾಗಿಲ್ಲ. "ಕನ್ನಡಕದ ಮೇಲೆ ದುರ್ಬೀನಾ?" ಅಂತ ಮಾವ ಗೊಣಗಿದರು. ಎರಡು ದಿನದಲ್ಲಿ ಅಭ್ಯಾಸ ಆಯಿತು. ಆಮೇಲೆ ಕೈಯಿಂದ ಕೈಗೆ ಹೋದಾಗ ತಿರುಗಿಸಬೇಕಾದ್ದು ಐಕಪ್ ಮತ್ತು ನಡುವಿನ ಚಕ್ರ, ಅಷ್ಟೇ. ಅಂಗಡಿಯಲ್ಲಿ ಹತ್ತು ವಿಷಯ ಹೇಳುತ್ತಾರೆ, ಈ ಬೀಗದ ವಿಷಯ ಯಾರೂ ಹೇಳುವುದಿಲ್ಲ. ನಾನು ಕೊಂಡ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಇನ್ನು ಗಾಳಿ. ದಕ್ಷಿಣ ಫ್ರಾನ್ಸ್ ಅಂದರೆ ಬಿಸಿಲು, ದ್ರಾಕ್ಷಿ ತೋಟ ಅಂದುಕೊಂಡು ಹೋಗಿರುತ್ತೀರಿ. ಮಿಸ್ತ್ರಾಲ್ ಶುರುವಾದರೆ ಗೊತ್ತಾಗುತ್ತದೆ. ರೋನ್ ಕಣಿವೆಯಲ್ಲಿ ಉತ್ತರದಿಂದ ನುಗ್ಗಿ ಬರುವ ಗಾಳಿ ಅದು, ಆಕಾಶ ಮಾತ್ರ ಶುಭ್ರ ನೀಲಿ. ಕಮಾರ್ಗ್‌ನ ಹಳೆಯ ದನಗಾಹಿ ಗುಡಿಸಲುಗಳನ್ನು ನೋಡಿ, ಉತ್ತರದ ಕಡೆ ಗೋಡೆ ಗುಂಡಗೆ ಇರುತ್ತದೆ, ಬಾಗಿಲು ದಕ್ಷಿಣಕ್ಕೆ. ಎಲ್ಲಾ ಈ ಗಾಳಿಯ ಕಾಟಕ್ಕೇ.

ಅಂಥ ಗಾಳಿಯಲ್ಲಿ ನಾವು ದೀಗ್ ಆ ಲ ಮೇರ್ ಮೇಲೆ ನಡೆದೆವು. ಸಮುದ್ರ ಒಳಗೆ ನುಗ್ಗದಿರಲಿ ಅಂತ 19ನೇ ಶತಮಾನದಲ್ಲಿ ಕಟ್ಟಿದ ಉದ್ದನೆಯ ಏರಿ ಇದು. ಮಧ್ಯೆ ಗಾಶೋಲ್ ಅನ್ನುವ ದೀಪಸ್ತಂಭ. ಕಾರಿಗೆ ಪ್ರವೇಶವಿಲ್ಲ, ನಡೆಯಬೇಕು ಇಲ್ಲವೇ ಸೈಕಲ್. ಒರಗಲು ಒಂದು ಮರವೂ ಇಲ್ಲ. ಎರಡೂ ಕಡೆ ನೀರು, ದೂರದಲ್ಲಿ ಫ್ಲೆಮಿಂಗೊಗಳ ಗುಲಾಬಿ ಗೆರೆ, ಹತ್ತಿರದ ಕೆಸರಿನಲ್ಲಿ ಗೊರವಗಳು. 10×42 ಎತ್ತಿದರೆ ಚಿತ್ರ ಕುಣಿಯುತ್ತದೆ. ಕೈ ನಡುಕವನ್ನೂ ಅದು ಹತ್ತು ಪಟ್ಟು ಮಾಡಿಯೇ ತೋರಿಸುತ್ತದಲ್ಲ. 8×32ರಲ್ಲೂ ಕುಣಿತ ಇತ್ತು, ಆದರೆ ಸಣ್ಣ ಗೊರವದ ಕತ್ತಿನ ಕರಿಪಟ್ಟಿ ಅರ್ಧಕ್ಕೇ ನಿಂತಿರುವುದು ಕಂಡಿತು. ಹಾಗಾಗಿ ಅದು ಕೆಂಟಿಶ್ ಪ್ಲವರ್ ಅಂತ ಗೊತ್ತಾಯಿತು. 10×ರಲ್ಲಿ ಹಕ್ಕಿ ದೊಡ್ಡದಾಗಿ ಕಂಡಿತು, ಪಟ್ಟಿ ಕಾಣಲಿಲ್ಲ. ನೆಲದ ಮೇಲೆ ಕೂತು ಮೊಣಕೈ ಮಂಡಿಗೆ ಊರಿದರೆ 10× ಪರವಾಗಿಲ್ಲ. ಮಾವನಿಗೆ ನೆಲದ ಮೇಲೆ ಕೂತು ಏಳು ಅನ್ನಲು ಆಗುತ್ತದಾ?

ಮಗಳಿಗೆ ಏಳು ವರ್ಷ. ಅವಳ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು ಐದು ಸೆಂಟಿಮೀಟರ್. 10×42 ಪೂರ್ತಿ ಒಳಕ್ಕೆ ಬಗ್ಗಿಸಿದರೂ 5.6ಕ್ಕಿಂತ ಕಮ್ಮಿ ಆಗುವುದಿಲ್ಲ. ಅವಳಿಗೆ ಕಂಡದ್ದು ಎರಡು ವೃತ್ತ, ನಡುವೆ ಕತ್ತಲು. ಪಾಪ, "ನಂಗೂ ಕಾಣ್ತು" ಅಂತ ಸುಳ್ಳು ಹೇಳುತ್ತಿದ್ದಳು. 8×32ರಲ್ಲಿ ಸ್ವಲ್ಪ ಒದ್ದಾಡಿ ಹೊಂದಿಸಿಕೊಂಡಳು. 8×25 ಮಾತ್ರ ಅವಳಿಗೆ ಹೇಳಿ ಮಾಡಿಸಿದ್ದು. ಎರಡು ಮಡಿಕೆ ಇರುವುದರಿಂದ ಎಷ್ಟು ಬೇಕೋ ಅಷ್ಟು ಹತ್ತಿರ ಬರುತ್ತದೆ, ಭಾರವೂ ಇಲ್ಲ. ಅದರಲ್ಲೇ ಅವಳು ಲ ಕಪೆಲಿಯೇರ್‌ನ ಕಾಲುವೆಯ ಕೊಂಬೆಯ ಮೇಲೆ ಮಿಂಚುಳ್ಳಿ ಕಂಡುಹಿಡಿದಳು, ನಮ್ಮೆಲ್ಲರಿಗಿಂತ ಮೊದಲು. ಮಾವನ ಪ್ರತಿಕ್ರಿಯೆ: "ಇದು ನಮ್ಮ ಕುಕ್ಕರಹಳ್ಳಿ ಕೆರೇಲೂ ಇದೆಯಲ್ಲಮ್ಮಾ." ಇದೆ, ಅದೇ ಹಕ್ಕಿ.

ದೊಡ್ಡವರಿಗೆ 8×25 ಬೇಡ. ಕನ್ನಡಕ ಹಾಕಿ ನೋಡಿದರೆ ಕೀಲಿಕೈ ತೂತಿನಲ್ಲಿ ಇಣುಕಿದ ಹಾಗೆ.

10×42ಗೆ ಅನ್ಯಾಯ ಮಾಡುವುದಿಲ್ಲ. ಅದು ಗೆದ್ದ ಜಾಗವೂ ಇದೆ, ಲ ಕ್ರೋ. ಆರ್ಲ್‌ನ ಪೂರ್ವಕ್ಕೆ ಇರುವ ಕಲ್ಲುಬಯಲು. ಹಿಂದೊಮ್ಮೆ ದ್ಯುರಾಂಸ್ ನದಿ ಇಲ್ಲಿ ಹರಿದು ಸಮುದ್ರ ಸೇರುತ್ತಿತ್ತು. ನದಿ ದಾರಿ ಬದಲಿಸಿತು, ಅದು ತಂದು ಸುರಿದ ಗುಂಡುಕಲ್ಲುಗಳು ಉಳಿದವು. ಈಗ ಅಲ್ಲಿ ಕುರಿ ಮೇಯುತ್ತವೆ. ಬೇಸಿಗೆಗೆ ಆಲ್ಪ್ಸ್ ಹತ್ತಿದ ಮಂದೆಗಳು ಶರತ್ಕಾಲದಲ್ಲಿ ಬಯಲಿಗೆ ಇಳಿಯುತ್ತವೆ. ನೋಡಲು ಪರ್ಮಿಟ್ ಬೇಕು, ಸ್ಯಾಂ ಮಾರ್ತ್ಯಾಂ ದ ಕ್ರೋ ಊರಿನ ಮ್ಯೂಸಿಯಂನಲ್ಲಿ ಕೊಡುತ್ತಾರೆ. ಹೋಗಿದ್ದು ನಾನು, ಮಗ ಇಬ್ಬರೇ. ಉಳಿದವರು ಆರ್ಲ್‌ನ ರೋಮನ್ ಬಯಲು ರಂಗಮಂದಿರ ನೋಡಲು ಹೋದರು.

ನಮಗೆ ಬೇಕಿದ್ದದ್ದು ಲಿಟ್ಲ್ ಬಸ್ಟರ್ಡ್. ನಮ್ಮ ಸಿರುಗುಪ್ಪದ ಕಡೆ ಅಳಿದುಳಿದ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಚಿಕ್ಕ ದಾಯಾದಿ, ಕೋಳಿಗಿಂತ ದೊಡ್ಡದೇನಲ್ಲ. ಚಳಿ ಬರುವ ಹೊತ್ತಿಗೆ ಗುಂಪು ಕಟ್ಟುತ್ತವೆ. ನೆಲದ ಮೇಲಿದ್ದರೆ ಕಲ್ಲಿಗೂ ಹಕ್ಕಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಹಳ ದೂರದಲ್ಲಿ ಸಾಲಾಗಿ ಕಂದುಬಣ್ಣದ ಉಬ್ಬುಗಳು ಕಂಡವು. 8×32ರಲ್ಲಿ ಮಗ "ಕಲ್ಲು" ಅಂದ. ನಾನು 10×42ನ್ನು ಕಲ್ಲಿನ ಗುಡ್ಡೆಯ ಮೇಲೆ ಇಟ್ಟು ನೋಡಿದೆ. ಒಂದು ಉಬ್ಬಿಗೆ ಕತ್ತು ಬಂತು. ಸ್ವಲ್ಪ ಹೊತ್ತಿಗೆ ಎಲ್ಲವೂ ಒಟ್ಟಿಗೆ ಎದ್ದವು. ಹಾರಿದರೆ ರೆಕ್ಕೆಯೆಲ್ಲಾ ಬಿಳಿ, ಬಯಲಿನ ಮೇಲೆ ಪಟಪಟ ಹೊಳೆಯಿತು. ಆಗ ಬೈನಾಕ್ಯುಲರೇ ಬೇಕಾಗಲಿಲ್ಲ. ಗಾಳಿ ಇಲ್ಲದ ಬೆಳಿಗ್ಗೆ, ಒರಗಲು ಜಾಗ, ಜೊತೆಗೆ ಗಲಾಟೆ ಮಾಡದ ಒಬ್ಬ ಮಗ. ಇಷ್ಟೆಲ್ಲಾ ಕೂಡಿಬಂದರೆ 10× ತಗೊಳ್ಳಿ. ರಜೆಯಲ್ಲಿ ಎಷ್ಟು ಸಲ ಕೂಡಿಬರುತ್ತೆ?

ಸಂಜೆ ಬೆಳಕಿಗೆ 42 ಮೇಲು ಅಂತ ಹೇಳುವವರಿದ್ದಾರೆ. ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿ ನೋಡಿ: 42ನ್ನು 10ರಿಂದ ಭಾಗಿಸಿದರೆ 4.2, 32ನ್ನು 8ರಿಂದ ಭಾಗಿಸಿದರೆ 4. ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಅದು, ಮಿಲಿಮೀಟರಿನಲ್ಲಿ. ವ್ಯತ್ಯಾಸ ಎಲ್ಲಿದೆ? ವಾಕ್ಕರೇಸ್ ದಂಡೆಯಲ್ಲಿ ಇದನ್ನು ನೋಡಿಯೂ ನೋಡಿದೆವು. ಅಭಯಾರಣ್ಯದ ಹೊರಗಿನ ಖಾಸಗಿ ಜೌಗುಗಳಲ್ಲಿ ಶರತ್ಕಾಲ ಬಾತುಬೇಟೆಯ ಕಾಲ, ದೂರದಿಂದ ಢಂ ಢಂ ಕೇಳುತ್ತಿರುತ್ತದೆ. ಬಾತುಗಳು ಹಗಲೆಲ್ಲಾ ಅಭಯಾರಣ್ಯದ ನೀರಿನಲ್ಲಿ ವಿರಮಿಸಿ, ಕತ್ತಲಾಗುವ ಹೊತ್ತಿಗೆ ಮೇವಿಗೆ ಹೊರಗೆ ಹಾರುತ್ತವೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದಲ್ಲ, ಆರು ಗಂಟೆಗೆಲ್ಲಾ ಮುಸ್ಸಂಜೆ. ಎರಡನ್ನೂ ಅದಲುಬದಲು ಮಾಡಿ ನೋಡಿದೆವು. 10×ರಲ್ಲಿ ಬಾತುಗಳ ಗುಂಪು ಕಣ್ಣಿಗೆ ಸಿಗುವಷ್ಟರಲ್ಲಿ ಚೌಕಟ್ಟಿನಿಂದ ಆಚೆ. 8×ರಲ್ಲಿ ನೋಟ ಅಗಲ, ಗುಂಪು ಪೂರ್ತಿ ಸಿಕ್ಕಿತು. ಸೊಳ್ಳೆ ಎರಡಕ್ಕೂ ಸಮಾನವಾಗಿ ಕಚ್ಚಿದವು. ನವೆಂಬರ್ ಹತ್ತಿರ ಬಂದರೂ ಕಮಾರ್ಗ್‌ನಲ್ಲಿ ಸೊಳ್ಳೆ ಕ್ರೀಮ್ ಮರೆಯಬೇಡಿ.

ಕ್ಯಾಮೆರಾ ಬಗ್ಗೆ ನಮ್ಮವರು ಬೇರೆಯೇ ಬರೆಯುತ್ತಿದ್ದರು. ಅವರ ಪ್ರಕಾರ ಅದೇ ಎಲ್ಲಕ್ಕಿಂತ ಮೇಲು. ಒಂದು ವಿಷಯದಲ್ಲಿ ಒಪ್ಪುತ್ತೇನೆ. ಪೋಂ ದ ಗೋದಲ್ಲಿ ಒಂದು ಫ್ಲೆಮಿಂಗೊದ ಕಾಲಿನಲ್ಲಿ ಪ್ಲಾಸ್ಟಿಕ್ ಉಂಗುರ ಇತ್ತು. ಕಮಾರ್ಗ್‌ನ ತೂರ್ ದ್ಯು ವಾಲಾ ಸಂಶೋಧನಾ ಸಂಸ್ಥೆಯವರು 1977ರಿಂದ ಫ್ಲೆಮಿಂಗೊ ಮರಿಗಳಿಗೆ ಅಕ್ಷರ ಬರೆದ ಉಂಗುರ ತೊಡಿಸುತ್ತಾ ಬಂದಿದ್ದಾರೆ. ದೂರದಿಂದಲೇ ಓದಿ, ಯಾವ ಹಕ್ಕಿ ಎಲ್ಲೆಲ್ಲಿ ತಿರುಗಿತು ಅಂತ ತಿಳಿಯಬಹುದು. ಬೈನಾಕ್ಯುಲರ್‌ಗಳಲ್ಲಿ ಉಂಗುರ ಇದೆ ಅಂತ ಗೊತ್ತಾಯಿತು, ಓದಲು ಆಗಲಿಲ್ಲ. ಹಕ್ಕಿ ಒಂದು ಕಾಲೆತ್ತಿ ನಿಂತಾಗ ನಮ್ಮವರು ಫೋಟೊ ತೆಗೆದರು, ಪರದೆಯ ಮೇಲೆ ದೊಡ್ಡದು ಮಾಡಿದರೆ ಅಕ್ಷರಗಳು ಸ್ಪಷ್ಟ. ಮಕ್ಕಳಿಬ್ಬರೂ ಜಗಳವಾಡಿಕೊಂಡು ಚೀಟಿಯಲ್ಲಿ ಬರೆದುಕೊಂಡರು. ಅತ್ತೆಯೂ ಎದ್ದು ಬಂದು ನೋಡಿದ್ದು ಇದೊಂದನ್ನೇ. ಅದು ಬಿಟ್ಟರೆ ಹಾರುವ ಹಕ್ಕಿಗೆ ಕ್ಯಾಮೆರಾ ದಂಡ. ಪೂರ್ತಿ ಝೂಮ್ ಮಾಡಿ ಹಕ್ಕಿ ಹುಡುಕುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ, ಬಿಸಿಲಿಗೆ ಪರದೆಯೂ ಕಾಣುವುದಿಲ್ಲ.

ಹಾಗಾದರೆ ಏನು ತಗೊಳ್ಳಬೇಕು? ಕೈಯಲ್ಲಿ 200 ಯೂರೋ ಇದ್ದು ಒಂದೇ ಕೊಳ್ಳುವುದಾದರೆ, ಡಯಾಪ್ಟರ್‌ಗೆ ಬೀಗ ಇರುವ 8×32. ಅಂಗಡಿಗೆ ಕನ್ನಡಕ ಹಾಕಿಕೊಂಡೇ ಹೋಗಿ, ಐಕಪ್ ಇಳಿಸಿ ನೋಡಿ, ಅಂಚಿನವರೆಗೂ ಕಾಣಬೇಕು. ಐಕಪ್ ತಿರುಗಿಸುವಾಗ ಬಳೆ ಜರುಗುತ್ತದಾ ಅಂತ ಬೆರಳಿಟ್ಟು ಪರೀಕ್ಷೆ ಮಾಡಿ. ಚಿಕ್ಕ ಮಕ್ಕಳಿದ್ದರೆ ಅವರನ್ನೂ ಕರ್ಕೊಂಡು ಹೋಗಿ, ಒಂದು ವೃತ್ತ ಕಾಣಿಸ್ತಾ ಎರಡು ಕಾಣಿಸ್ತಾ ಕೇಳಿ. ಇನ್ನೂ ಐವತ್ತು ಯೂರೋ ಮಿಕ್ಕಿದ್ದರೆ ಮಕ್ಕಳಿಗೆ ಅಂತ ಒಂದು ಸಾಧಾರಣ 8×25 ತಗೊಳ್ಳಿ. ದೊಡ್ಡವರ ಸರದಿ ಬೇಗ ಬರುತ್ತದೆ.

ನನ್ನ 10×42 ಟೇಪ್ ಸಮೇತ ಮಗನಿಗೆ ಹೋಗಿದೆ. ಅವನ ಕಣ್ಣಿಗೂ ನನ್ನ ಕಣ್ಣಿಗೂ ಬಳೆ ಒಂದೇ ಕಡೆ ಹೊಂದುತ್ತದೆ, ಅದೃಷ್ಟ. 8×32ನ್ನು ಮಾವ ವಾಪಸ್ ಹೋಗುವಾಗ, "ರಂಗನತಿಟ್ಟಿನಲ್ಲಿ ಒಂದ್ಸಲ ನೋಡಿ ಕಳಿಸ್ತೀನಮ್ಮಾ" ಅಂತ ಬ್ಯಾಗಿಗೆ ಹಾಕಿಕೊಂಡರು. ಕಳಿಸುವ ಲಕ್ಷಣ ಇಲ್ಲ. ಅದೇ ಮಾಡೆಲ್ ಇನ್ನೊಂದು ಆರ್ಡರ್ ಮಾಡಿದ್ದೇನೆ. ಈಗ ದರ ಹತ್ತು ಯೂರೋ ಜಾಸ್ತಿ ಆಗಿದೆ.